ಮೂಗಿನ ಮೇಲಿನ ನೊಣ

ಆ ಊರಿನಲ್ಲಿ ಇಗರ್ಜಿಗೆ ಯಾರೂ ಬರಿಗೈಯಲ್ಲಿ ಹೋಗುವುದಿಲ್ಲ. ಒಬ್ಬಳು ರುಬ್ಬುವ ಗುಂಡು ತರುತ್ತಾಳೆ, ಇನ್ನೊಬ್ಬ ಹಾರೆ ತರುತ್ತಾನೆ. ಏನೂ ತರದವರು ಬಾಗಿಲ ಪಕ್ಕದ ರಾಶಿಯಿಂದ ಒಂದು ಕಲ್ಲನ್ನು ಎತ್ತಿಕೊಂಡು ಹೋಗಿ, ಪೂಜೆ ಮುಗಿಯುವವರೆಗೆ ತೊಡೆಯ ಮೇಲಿಟ್ಟುಕೊಂಡು ಕೂರುತ್ತಾರೆ. ಪೂಜೆ ಇಲ್ಲದ ಹೊತ್ತಿನಲ್ಲೂ ಒಳಗೆ ಜನ ಇರಲೇಬೇಕು. ಅದಕ್ಕೆ ಬೀದಿಬೀದಿಗೆ ಸರದಿ ಇದೆ. ಸರದಿಯವರು ಅವರೆಕಾಯಿ ಸುಲಿಯುತ್ತ, ಮಕ್ಕಳಿಗೆ ಮಗ್ಗಿ ಹೇಳಿಸುತ್ತ, ಹೇನು ನೋಡುತ್ತ, ತೂಕಡಿಸುತ್ತ ಕೂತಿರುತ್ತಾರೆ. ಕೂರದಿದ್ದರೆ ಭಾರ ಸಾಲದೆ ಇಗರ್ಜಿ ನೆಲ ಬಿಟ್ಟು ಮೇಲೆ ಏಳುತ್ತದೆ.

ಇದರಿಂದ ಅಲ್ಲಿ ಯಾರಿಗೂ ಬೇಸರವಿಲ್ಲ. ಹೆಣ್ಣು ನೋಡಿ ಬಂದವರು “ಹುಡುಗಿ ಒಳ್ಳೇ ಭಾರ ಇದಾಳೆ” ಎಂದು ಖುಷಿಪಡುತ್ತಾರೆ. ಸಣಕಲು ಗಂಡಸರಿಗೆ ಮದುವೆ ತಡ. ಸಂತೋಷದಲ್ಲಿರುವವರಿಗಿಂತ ಸಂಕಟದಲ್ಲಿರುವವರು ಹೆಚ್ಚು ತೂಗುತ್ತಾರೆ ಎನ್ನುವುದು ಅಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತು. ಅದಕ್ಕೇ ಮದುವೆಯ ಕರೆ ಮೊದಲು ವಿಧವೆಯರಿಗೆ ಹೋಗುತ್ತದೆ. ಮದುವೆ ಮನೆಯವರೆಲ್ಲ ನಗುತ್ತಿರುವಾಗ ಇಗರ್ಜಿಯನ್ನು ಹಿಡಿದು ಕೂರಿಸುವವರು ಬೇಕಲ್ಲ. ನನಗೂ ಹಾಗೇ ಕರೆ ಬಂತು.

ನನ್ನ ಗಂಡ ಬಾಲರಾಜ ಆ ಊರಿನವನು. ಹೋದ ಮಳೆಗಾಲದಲ್ಲಿ ಅವನಿದ್ದ ಬಸ್ಸು ನಾಲೆಗೆ ಬಿತ್ತು. ನಾನು ಅಳಲಿಲ್ಲ. ಅಳು ಬರಲಿ ಎಂದು ಕಾದೆ, ಬರಲಿಲ್ಲ. ಸಾರಿಗೆ ಉಪ್ಪು ಹಾಕಿದ್ದೇನೋ ಇಲ್ಲವೋ ನಾಲಿಗೆಗೆ ತಿಳಿಯುತ್ತಿರಲಿಲ್ಲ. ಕಾಲೇಜಿಗೆ ಹೋಗಿ ಪಾಠ ಮಾಡಿ ಬರುತ್ತಿದ್ದೆ. ನಾನು ಓದಿದ್ದು ಹಳೆಯ ಕಟ್ಟಡಗಳ ಚರಿತ್ರೆ. ಪಾಠ ತಾನಾಗಿ ಬಾಯಿಂದ ಬರುತ್ತಿತ್ತು.

ಬಾಲರಾಜ ಊರು ಬಿಟ್ಟದ್ದು ಒಂದು ನೊಣದಿಂದ. ಕಾಲೇಜು ಸೇರಿದ ಹೊಸದರಲ್ಲಿ ರಜೆಗೆಂದು ಬಂದು ಬಸ್ಸಿಳಿದಾಗ ಇಗರ್ಜಿ ಎದ್ದಿತ್ತು. ಎದ್ದಾಗ ಕೊಂಬು ಊದುತ್ತಾರೆ. ಕೊಂಬು ಕೇಳಿದ ಕೂಡಲೇ ಊರೆಲ್ಲ ಒಳಗೆ ಓಡುತ್ತದೆ. ಬಾಲರಾಜ ಓಡಿ ಬರುವಷ್ಟರಲ್ಲಿ ಒಳಗೆ ಜನ ತುಂಬಿ ಇಗರ್ಜಿ ಇಳಿಯತೊಡಗಿತ್ತು. ಇಗರ್ಜಿಯ ಪಕ್ಕದ ಬಾವಿಯ ಎದುರು, ಗೋಡೆಯ ಬುಡಕ್ಕೂ ನೆಲಕ್ಕೂ ನಡುವೆ ಇನ್ನೂ ಒಂದಿಷ್ಟು ಸಂದಿ ಇತ್ತು. ಸುಮ್ಮನೆ ಕೈ ಹಾಕಿದ. ಅಡಿಯ ಕಲ್ಲಿನಲ್ಲಿ ಒಂದು ಮೂಗು ಸಿಕ್ಕಿತು. ಮೂಗಿನ ಮೇಲೆ ಒಂದು ನೊಣ.

ಅದನ್ನು ಅವನು ಊರಿಗೆಲ್ಲ ಹೇಳಿದ. ಊರೆಲ್ಲ ನಕ್ಕಿತು. ಅಡಿಪಾಯದ ಅಡಿಗೆ ಯಾರಾದರೂ ಮುಖ ಕೆತ್ತುತ್ತಾರೆಯೇ, ಕೆತ್ತಿದರೂ ಅದರ ಮೂಗಿಗೆ ನೊಣ ಕೂರಿಸುತ್ತಾರೆಯೇ? ಸರದಿ ಯಜಮಾನರಾದ ಇನ್ನಾಸಪ್ಪನವರು ಅವನನ್ನು ಕಂಡಾಗಲೆಲ್ಲ “ಏನೋ ಬಾಲರಾಜ, ನೊಣ ಓಡ್ಸಿದ್ಯಾ?” ಎನ್ನುತ್ತಿದ್ದರು. ಅಂಗಡಿಯವರು ಹಾಗೇ ಕೇಳಿದರು, ಕ್ಷೌರದವನು ಹಾಗೇ ಕೇಳಿದ. ಒಂದು ದಿನ ಬಾಲರಾಜ ಪೆಟ್ಟಿಗೆ ತೆಗೆದುಕೊಂಡು ಹೊರಟವನು ಮತ್ತೆ ಬರಲಿಲ್ಲ. ನನಗೂ ಅವನು ಈ ಕತೆ ಹೇಳಿದ್ದ. ಅಡಿಯಲ್ಲಿ ಕೆತ್ತನೆ ಇರುವ ಅಡಿಪಾಯ ನಾನು ಓದಿದ ಯಾವ ಪುಸ್ತಕದಲ್ಲೂ ಇರಲಿಲ್ಲ. ಅವನಿಗೆ ಹಾಗೆಂದೆ. “ಒಂದಿನ ನೀನೇ ಕೈ ಹಾಕಿ ನೋಡು,” ಎಂದ.

ಕೈ ಹಾಕಿ ನೋಡಲು ನಾನು ಆ ಊರಿಗೆ ಹೋದೆ. ಮದುವೆ ಒಂದು ನೆಪ.

ತಲುಪಿದ ಸಂಜೆಯೇ ಇನ್ನಾಸಪ್ಪನವರು ಅತ್ತೆಯ ಮನೆಗೆ ಬಂದರು. ಮದುವೆ ಅವರ ಮೊಮ್ಮಗಳದ್ದು. ಹೆಗಲಿಗೆ ಕೊಂಬು ನೇತುಹಾಕಿಕೊಂಡೇ ಇದ್ದರು.

“ಜ್ಞಾನಮ್ಮಾ, ನೀನೂ ಸೊಸೆಯೂ ಮುಂದಿನ ಬೆಂಚಲ್ಲಿ ಕೂತ್ರೆ ನಾನು ನೆಮ್ಮದಿಯಾಗಿರ್ತೀನಿ,” ಎಂದರು. “ನಮ್ಮ ಹುಡುಗಿಗೆ ನಗು ಜಾಸ್ತಿ. ಬೆಕ್ಕು ಸೀನಿದ್ರೂ ನಗ್ತಾಳೆ. ಹೆದರಿಕೆ ಆಗುತ್ತೆ.”

“ನಾನೊಬ್ಬಳೇ ಸಾಲದಾ?” ಎಂದರು ಅತ್ತೆ. ಅವರು ದೇಹದಲ್ಲೂ ದೊಡ್ಡವರು. ಗಂಡ ಹೋಗಿ, ಮಗನೂ ಹೋದ ಮೇಲೆ ಆ ಊರಿನಲ್ಲಿ ಅವರಷ್ಟು ತೂಗುವವರು ಬೇರೆ ಇರಲಿಲ್ಲ.

“ನೀನು ಬೆಟ್ಟ ಬಿಡು. ಆದ್ರೂ ಹೆಂಡತಿ ದುಃಖ ಅಂದ್ರೆ ಅದರ ತೂಕವೇ ಬೇರೆ.” ನನ್ನ ಕಡೆ ತಿರುಗಿ ದನಿ ತಗ್ಗಿಸಿದರು. “ಏನಮ್ಮಾ ಸೆಲೀನಾ, ನಿದ್ದೆ ಬರುತ್ತಾ?”

“ಬರುತ್ತೆ.”

“ಊಟ?”

“ಮಾಡ್ತೀನಿ.”

ಅವರ ಮುಖ ಸಪ್ಪಗಾಯಿತು. “ಇರ್ಲಿ, ನಾಳೆ ಹೊತ್ತಿಗೆ ಸ್ವಲ್ಪ ನೆನಪು ಮಾಡ್ಕೋ,” ಎಂದರು.

“ಯಜಮಾನ್ರೇ, ನಾನು ಇಗರ್ಜಿಯ ಅಡಿ ನೋಡಬೇಕು,” ಎಂದೆ. “ಅವರು ಹೇಳಿದ ಮುಖ ಇದೆಯಾ ಅಂತ.”

“ಓಹೋ, ನೊಣ ಓಡ್ಸೋಕೆ ಬಂದ್ಯಾ?” ಎಂದು ನಕ್ಕುಬಿಟ್ಟರು. ಅಭ್ಯಾಸದ ಮಾತು. ಆಡಿದ ಮೇಲೆ ಅವರಿಗೂ ತಿಳಿಯಿತು. ಅತ್ತೆ ಎದ್ದು ಹೋಗಿ, ಅವರ ಕೈಯಲ್ಲಿದ್ದ ಕಾಫಿ ಲೋಟವನ್ನು ಅರ್ಧಕ್ಕೇ ತೆಗೆದುಕೊಂಡರು.

“ಹೊತ್ತಾಯ್ತು ಇನ್ನಾಸಪ್ಪಣ್ಣ. ಮದುವೆ ಮನೇಲಿ ಕೆಲಸ ಇರುತ್ತೆ.”

ಅವರು ಹೋದ ಮೇಲೆ ಅತ್ತೆ ಬಹಳ ಹೊತ್ತು ಲೋಟ ತೊಳೆದರು. “ಕೊಂಬು ಊದಿದಾಗ ನಾನೂ ಒಳಗೇ ಇದ್ದೆ ಮಗಳೇ,” ಎಂದರು. “ಎಲ್ಲಾರೂ ಒಳಗೇ ಇದ್ವಿ. ಅವನು ಹೇಳಿದ್ದು ನಿಜವೋ ಸುಳ್ಳೋ ಗೊತ್ತಾಗ್ಲಿಲ್ಲ. ಗೊತ್ತಾಗದೇನೇ ಮಗನ್ನ ಮಣ್ಣಿಗೆ ಹಾಕ್ದೆ.”

ಬೆಳಿಗ್ಗೆ ಬೇಗ ಹೋಗಿ ಇಗರ್ಜಿ ನೋಡಿದೆ. ತಗ್ಗು ಹೆಂಚಿನ ಮನೆಗಳ ನಡುವೆ ಬೂದುಗಲ್ಲಿನ ಗೋಪುರಗಳು ನೆಟ್ಟಗೆ ಮೇಲೆ ಹೋಗಿದ್ದವು. ಗಾಥಿಕ್ ಇಗರ್ಜಿಗಳ ಬಗ್ಗೆ ನಾನು ವರ್ಷಗಟ್ಟಲೆ ಪಾಠ ಮಾಡಿದ್ದೇನೆ. ಚಿತ್ರದಲ್ಲಿ ನೋಡುವುದು ಬೇರೆ, ಬುಡದಲ್ಲಿ ನಿಂತು ಕತ್ತು ನೋಯುವಂತೆ ನೋಡುವುದು ಬೇರೆ. ಗೋಡೆ ಕಡಿಮೆ, ಕಿಟಕಿ ಹೆಚ್ಚು. ಮೊನಚು ಕಮಾನಿನ ಹೆಗಲ ಮೇಲೆ ಇನ್ನೊಂದು ಮೊನಚು ಕಮಾನು. ಬಾಗಿಲ ಮೇಲೆ ಬಂಡಿಚಕ್ರದಂಥ ದುಂಡು ಕಿಟಕಿ, ಒಂದೊಂದು ಅರದ ನಡುವೆಯೂ ಬಣ್ಣದ ಗಾಜು. ಹೊರಗಿನಿಂದ ಗೋಡೆಗಳಿಗೆ ಆನಿಕೊಂಡ ಉದ್ದುದ್ದ ಕಲ್ಲಿನ ತೋಳುಗಳು. ಗೋಡೆ ಹೊರಕ್ಕೆ ಬಾಗದಂತೆ ಅವು ತಡೆಯುತ್ತವೆ ಎಂದು ನಾನು ಪಾಠ ಮಾಡುತ್ತಿದ್ದೆ. ಆ ಬೆಳಿಗ್ಗೆ ಅವು ಹಾರುವ ಮೊದಲು ಹದ್ದು ನೆಲಕ್ಕೂರಿದ ರೆಕ್ಕೆಗಳಂತೆ ಕಂಡವು.

ಗೋಡೆಯ ಬುಡ ಮಣ್ಣಿನೊಳಗೆ ಹೋಗಿರಲಿಲ್ಲ. ಮೆತ್ತಗಿನ ಮರಳಿನ ಹಾಸಿನ ಮೇಲೆ ಕೂತಿತ್ತು. ಎಷ್ಟು ಚಂದ ಎಂದು ನನಗೆ ತಿಳಿಯುತ್ತಿತ್ತು. ತಿಳಿಯುತ್ತಿತ್ತು, ಅಷ್ಟೆ. ಒಳಗೆ ಏನೂ ಅಲುಗಲಿಲ್ಲ.

ಮದುವೆಗೆ ನನಗೆ ಹಸಿರು ಸೀರೆ ಉಡಿಸಿದರು. ನಾಲ್ಕು ಜನ ಕೈಹಿಡಿದು ಎಲ್ಲರಿಗಿಂತ ಮುಂದಿನ ಬೆಂಚಿಗೆ ಕರೆದುಕೊಂಡು ಹೋದರು. ನಮ್ಮ ಊರಲ್ಲಾಗಿದ್ದರೆ ಹಿಂದಿನ ಗೋಡೆಗೆ ಒರಗಿಸಿ ನಿಲ್ಲಿಸುತ್ತಿದ್ದರು. ಅತ್ತೆ ತೊಡೆಯ ಮೇಲೆ ಬೀಸುಕಲ್ಲಿನ ಹೋಳು ಇಟ್ಟುಕೊಂಡು ನನ್ನ ಪಕ್ಕ ಕೂತರು. ಮುದುಕಿಯರು ನನ್ನ ಗಲ್ಲ ಸವರಿ “ಬಂದ್ಯಲ್ಲ ತಾಯೀ, ಇನ್ನು ನಮಗೆ ಚಿಂತೆ ಇಲ್ಲ” ಎಂದರು.

ಬಾಗಿಲ ಬಳಿ ತೀರ್ಥದ ಕಲ್ಲುಬಟ್ಟಲಿದೆ. ಇಗರ್ಜಿ ಏಳುವ ಮೊದಲು ಅದರಲ್ಲಿನ ನೀರು ನಡುಗುತ್ತದೆ. ಇನ್ನಾಸಪ್ಪನವರು ಅದರ ಪಕ್ಕದಲ್ಲೇ ನಿಂತಿದ್ದರು. ನಾನು ಕೂತಾಗ ನೀರು ಕನ್ನಡಿಯಂತೆ ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಅವರು ಹುಬ್ಬೇರಿಸಿ ನನ್ನ ಕಡೆ ನೋಡಿದರು. ಎಲ್ಲರೂ ನೋಡಿದರು.

“ಕೂತ್ಳಾ ಇಲ್ವಾ?” ಎಂದಿತು ಹಿಂದಿನ ಬೆಂಚು.

“ಕೂತವ್ಳೆ. ನೀರಿಗೆ ಗೊತ್ತೇ ಆಗ್ಲಿಲ್ಲ.”

“ಓದಿದೋಳಲ್ವಾ. ಓದಿದೋರು ಹಗುರ.”

“ಗಂಡನ ಮೇಲೆ ಆಸೆ ಇತ್ತೋ ಇಲ್ವೋ.”

ಅತ್ತೆ ತಿರುಗಿ ನೋಡಿದರು. ಆದರೆ ಅವರ ಕೈ ನನ್ನ ಕೈ ಹುಡುಕಲಿಲ್ಲ. ಅವರಿಗೂ ಅನುಮಾನ ಬಂದಿತ್ತು. ನಾನು ನೆನಪು ಮಾಡಿಕೊಳ್ಳಲು ನೋಡಿದೆ. ಅವನು ಹಲ್ಲುಜ್ಜುವಾಗ ಹಾಡುತ್ತಿದ್ದುದು ನೆನಪಾಯಿತು. ಹಾಡು ನೆನಪಾಗಲಿಲ್ಲ.

ಪಾದ್ರಿಗಳು ಮಂತ್ರಿಸಿದ ಉಂಗುರವನ್ನು ಮದುಮಗನ ಕೈಗೆ ಕೊಟ್ಟರು. ಅವನ ಕೈ ಜಾರಿ ಉಂಗುರ ಬಿತ್ತು. ಉರುಳುತ್ತ ಹೋಗಿ ನಮ್ಮ ಬೆಂಚಿನ ಅಡಿಗೆ ಸೇರಿತು. ಅವನು ಹೊಸ ಕೋಟು ಪ್ಯಾಂಟಿನಲ್ಲಿ ಅಂಬೆಗಾಲಿಕ್ಕುತ್ತ ಬಂದು ಅತ್ತೆಯ ಸೀರೆ ನೆರಿಗೆಯ ಮುಂದೆ ತಲೆ ತಗ್ಗಿಸಿದ. ಮದುಮಗಳು ತಡೆದುಕೊಳ್ಳಲು ನೋಡಿದಳು. ಬಾಯಿಗೆ ಹೂಗುಚ್ಛ ಒತ್ತಿಕೊಂಡಳು. ಆಮೇಲೆ ನಕ್ಕುಬಿಟ್ಟಳು. ಅವಳ ನಗು ಕಮಾನಿಗೆ ತಾಗಿ ಇಳಿದು ಬಂತು. ಹುಡುಗಿಯರು ನಕ್ಕರು, ಪಾದ್ರಿಗಳೂ ನಕ್ಕರು.

ನೆಲ ದೋಣಿಯ ಹಲಗೆಯಂತೆ ತೂಗಿತು. ಬಣ್ಣದ ಗಾಜುಗಳು ಸಣ್ಣಗೆ ಝಲ್ಲೆಂದವು. ಇನ್ನಾಸಪ್ಪನವರು ಕೊಂಬು ಊದಿದರು.

ಹೊರಗಿದ್ದವರೆಲ್ಲ ನುಗ್ಗಿದರು. ಅಡುಗೆಯವರು ಸೌಟು ಹಿಡಿದುಕೊಂಡೇ ಬಂದರು. ಒಬ್ಬ ಅಕ್ಕಿ ಮೂಟೆ ಹೊತ್ತು ತಂದ. ನಾನು ಎದ್ದು ಅವರ ಎದುರಿಗೆ ನಡೆದೆ.

“ಏಯ್, ಎಲ್ಲಿಗಮ್ಮಾ! ಕೂತ್ಕೋ!” ಎಂದು ಇನ್ನಾಸಪ್ಪನವರು ಕೂಗಿದರು.

“ಹೋಗ್ಲಿ ಬಿಡಿ ಯಜಮಾನ್ರೇ, ಇದ್ದೂ ಒಂದೇ, ಇಲ್ಲದೇ ಇದ್ರೂ ಒಂದೇ,” ಎಂದರು ಯಾರೋ.

ಹೊಸ್ತಿಲು ನೆಲದಿಂದ ಮೊಣಕಾಲೆತ್ತರದಲ್ಲಿತ್ತು. ಹಾರಿದೆ.

ಹೊರಗೆ ಯಾರೂ ಇರಲಿಲ್ಲ. ಒಲೆಯ ಮೇಲೆ ಹಂಡೆಗಳು ಕುದಿಯುತ್ತಿದ್ದವು. ಆ ಖಾಲಿ ಬಯಲಿನಲ್ಲಿ ನಿಂತಾಗ ನನಗೆ ಹೊಳೆಯಿತು. ಇಷ್ಟು ತಲೆಮಾರು ಈ ಇಗರ್ಜಿ ಎದ್ದಿದೆ. ಎದ್ದಾಗಲೆಲ್ಲ ಊರೆಲ್ಲ ಒಳಗೆ ಓಡಿದೆ. ಎದ್ದ ಇಗರ್ಜಿಯನ್ನು ಹೊರಗೆ ನಿಂತು ನೋಡಿದವರೇ ಇಲ್ಲ. ಬಾಲರಾಜನೊಬ್ಬನನ್ನು ಬಿಟ್ಟು.

ಬಾವಿಯ ಎದುರಿಗೆ ಓಡಿದೆ. ಒಳಗೆ ಜನ ಕೂರುತ್ತಿದ್ದರು. ಸಂದಿ ಕಿರಿದಾಗುತ್ತಿತ್ತು. ಮರಳಿನ ಮೇಲೆ ಮಲಗಿ ಭುಜದವರೆಗೆ ಕೈ ಹಾಕಿದೆ.

ಒರಟು ಕಲ್ಲು ಸಿಗುತ್ತದೆ ಎಂದುಕೊಂಡಿದ್ದೆ. ಸಿಕ್ಕಿದ್ದು ಗುಂಗುರು ಕೂದಲು. ಆಮೇಲೆ ನುಣ್ಣನೆಯ ಹಣೆ. ಹುಬ್ಬು. ಹುಬ್ಬಿನಿಂದ ಬೆರಳು ಜಾರಿ ಮೂಗಿಗೆ ಬಂತು. ದೊಡ್ಡ ಮೂಗು. ಅದರ ತುದಿಯ ಹತ್ತಿರ ಎರಡು ಪುಟ್ಟ ರೆಕ್ಕೆ, ರೆಕ್ಕೆಯ ಕೆಳಗೆ ಕೂದಲೆಳೆಯಂಥ ಕಾಲುಗಳು.

ಇಷ್ಟು ನಯವಾಗಿ ಕೆತ್ತಿದ್ದನ್ನು ಯಾರೂ ಮರಳಿನಲ್ಲಿ ಹೂಳುವುದಿಲ್ಲ. ನೋಡುವವರಿಗಾಗಿ ಕೆತ್ತುತ್ತಾರೆ. ಕೆಳಗೆ ನಿಂತು ನೋಡುವವರಿಗಾಗಿ. ಕಟ್ಟಿದವರಿಗೆ ಇದು ಏಳುತ್ತದೆಂದು ಗೊತ್ತಿತ್ತು. ಏಳಲೆಂದೇ ಕಟ್ಟಿದ್ದರು. ನಾವು ಅದನ್ನು ರುಬ್ಬುಗುಂಡು ಇಟ್ಟು ಕೂರಿಸಿದ್ದೆವು.

ಕೈ ಎಳೆದುಕೊಂಡೆ. ಮೊಣಕೈ ತರಚಿ ರಕ್ತ ಬಂತು. ಅದು ಉರಿಯಿತು. ಬಹಳ ದಿನದ ಮೇಲೆ ಒಂದು ಉರಿ. ಬಾಗಿಲಿಗೆ ಓಡಿ ಬಂದೆ.

“ಅತ್ತೆ! ಇದೆ!”

ಇಡೀ ಇಗರ್ಜಿ ತಿರುಗಿತು.

“ಏನಿದೆ?” ಎಂದರು ಅತ್ತೆ.

“ಮೂಗು. ಮೇಲೆ ನೊಣ. ಮುಟ್ಟಿ ನೋಡಿದೆ.”

“ಕೂತ್ಕೊಳ್ಳಿ! ಯಾರೂ ಏಳ್ಬೇಡಿ!” ಎಂದರು ಇನ್ನಾಸಪ್ಪನವರು. “ಸಂಕಟದಲ್ಲಿ ಏನೋ ಮಾತಾಡ್ತಾವ್ಳೆ. ಈಗ ಇಳಿಯುತ್ತೆ, ಕೂತ್ಕೊಳ್ಳಿ!”

ಅತ್ತೆ ತೊಡೆಯ ಮೇಲಿನ ಬೀಸುಕಲ್ಲನ್ನು ಎತ್ತಿ ಬೆಂಚಿನ ಮೇಲಿಟ್ಟರು. ಆಮೇಲೆ ಎದ್ದು ನಿಂತರು. ಕೊಂಬು ಊದಿದ ಮೇಲೆ ಬೆಂಚು ಬಿಟ್ಟು ಎದ್ದವರು ಆ ಊರಿನ ನೆನಪಿನಲ್ಲೇ ಇಲ್ಲ. ನಾನು ಎದ್ದದ್ದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

“ಜ್ಞಾನಮ್ಮಾ, ನಿನ್ನ ಕಾಲಿಗೆ ಬೀಳ್ತೀನಿ! ನೀನು ಎದ್ರೆ ಇಗರ್ಜಿ ಹೋಗುತ್ತೆ!”

“ಹೋಗ್ಲಿ. ಮಗ ಹೋದ. ಅವನ ಮಾತಾದ್ರೂ ನೋಡ್ಕೋತೀನಿ.”

ಅವರು ನಡುದಾರಿಯಲ್ಲಿ ನಡೆದು ಬಂದರು. ಒಂದೊಂದು ಹೆಜ್ಜೆಗೂ ನೆಲ ತೂಗುತ್ತಿತ್ತು. ಹೊಸ್ತಿಲಿನಲ್ಲಿ ಕೂತು, ನನ್ನ ಭುಜ ಹಿಡಿದು ಇಳಿದರು. ಅವರ ಕಾಲು ನೆಲ ಮುಟ್ಟಿದ್ದೇ ತಡ, ಇಗರ್ಜಿ ಉಸಿರೆಳೆದುಕೊಂಡಂತೆ ಸೊಂಟದೆತ್ತರಕ್ಕೆ ಎದ್ದಿತು.

ಅತ್ತೆಗೆ ಬಗ್ಗಲಾಗುವುದಿಲ್ಲ. ಅವರು ರೇಷ್ಮೆ ಸೀರೆಯಲ್ಲೇ ಮರಳಿನ ಮೇಲೆ ಕೂತರು. ಆಮೇಲೆ ಅಂಗಾತ ಮಲಗಿ ಕಾಲಿನಿಂದ ನೂಕಿಕೊಂಡು ಅಡಿಗೆ ಸರಿದರು. ನಾನೂ ಪಕ್ಕದಲ್ಲಿ ಮಲಗಿದೆ. ಪಕ್ಕದಿಂದ ಬಿಸಿಲು ಬರುತ್ತಿತ್ತು.

ನಮ್ಮ ಮೇಲೆ ಕಲ್ಲಿನಲ್ಲಿ ಕೆತ್ತಿದ ಒಂದು ಊರೇ ಇತ್ತು. ಮೊರದಲ್ಲಿ ಅಕ್ಕಿ ಕೇರುವ ಹೆಂಗಸು, ಅಂಗಾಲಿನ ಮುಳ್ಳು ತೆಗೆಯುವವನು, ಆಕಳಿಸುವ ಕಲ್ಲುಕುಟಿಗ, ಮೂತಿಯನ್ನು ಬಾಲಕ್ಕೆ ಸೇರಿಸಿ ಮಲಗಿದ ನಾಯಿ. ಎಲ್ಲರ ಮುಖವೂ ಕೆಳಗೆ, ನಮ್ಮ ಕಡೆ. ಅತ್ತೆಯ ನೇರಕ್ಕೆ ಆ ಮುಖ. ಗುಂಗುರು ಕೂದಲು, ದೊಡ್ಡ ಮೂಗು, ಮೂಗಿನ ತುದಿಯಲ್ಲಿ ನೊಣ. ಮುಟ್ಟಿದವರಿಗೆ ತಿಳಿಯದ ಒಂದು ಸಂಗತಿ ನೋಡಿದಾಗ ತಿಳಿಯಿತು. ಅವನ ಎರಡು ಕಣ್ಣೂ ಮೂಗಿನ ಕಡೆ ತಿರುಗಿದ್ದವು.

“ಮೆಳ್ಳಗಣ್ಣು ಬಿಟ್ಕೊಂಡು ನೊಣ ನೋಡ್ತಾವ್ನಲ್ಲೇ!” ಎಂದರು ಅತ್ತೆ.

ಆಮೇಲೆ, ನನ್ನಾಣೆ, ಅವರು ಸೆರಗಿನ ತುದಿ ಎತ್ತಿ ಆ ನೊಣವನ್ನು ಓಡಿಸಿದರು. ಕೈ ತಾನಾಗಿ ಮಾಡಿದ ಕೆಲಸ. ಮಲಗಿದ ಮಗುವಿನ ಮುಖದಿಂದ ಓಡಿಸುವ ಹಾಗೆ. ನೊಣ ಏಳಲಿಲ್ಲ. ಮತ್ತೊಮ್ಮೆ ಓಡಿಸಿದರು. ಆಮೇಲೆ ಹೊಟ್ಟೆ ಕುಲುಕಿಸುತ್ತ ನಗತೊಡಗಿದರು. “ಹೋಗಲ್ಲ ಕಣೇ! ನನ್ನ ಮಗ ಹೇಳಿದ ನೊಣ, ಹೋಗಲ್ಲ!”

ನನಗೆ ಆಗ ಅಳು ಬಂತು. ಮೊದಲು ನಗುವೆಂದುಕೊಂಡೆ, ಅಲ್ಲ. ಗಂಟಲಿನಿಂದ, ಹೊಟ್ಟೆಯಿಂದ, ತರಚಿದ ಮೊಣಕೈಯಿಂದ ಬಂತು. ಅವನು ಹಲ್ಲುಜ್ಜುವಾಗ ಹಾಡುತ್ತಿದ್ದ ಹಾಡು ಬಂತು. ನಾನು ಒಳಗಿದ್ದಿದ್ದರೆ ಇಗರ್ಜಿ ಧೊಪ್ಪನೆ ಕೂತುಬಿಡುತ್ತಿತ್ತು. ಒಳ್ಳೆಯದಾಯಿತು, ನಾನು ಹೊರಗಿದ್ದೆ.

ಅತ್ತೆಯ ನಗು ಕೇಳಿ ಮದುಮಗಳು ಹೊಸ್ತಿಲಿಗೆ ಬಂದಳು. “ಅಜ್ಜಾ, ನಾನೂ ನೋಡ್ತೀನಿ!” ಎಂದವಳೇ ಹಾರಿದಳು. ಇಗರ್ಜಿ ಇನ್ನೊಂದಿಷ್ಟು ಎದ್ದಿತು. ಅವಳ ಹಿಂದೆ ಮದುಮಗ. ಆಮೇಲೆ ಅಡುಗೆಯವರು, ಮುದುಕಿಯರು, ಮಕ್ಕಳನ್ನು ಎತ್ತಿಕೊಂಡ ಹೆಂಗಸರು. ಪಾದ್ರಿಗಳು ನಿಲುವಂಗಿ ಎತ್ತಿ ಹಿಡಿದು ಇಳಿದರು.

“ಎಲ್ಲಾ ಇಳಿದ್ರೆ ಹೊರಟೇ ಹೋಗುತ್ತಲ್ಲಮ್ಮಾ!” ಎಂದು ಒಬ್ಬಳು ಹೊಸ್ತಿಲಲ್ಲಿ ನಿಂತು ಅಳುತ್ತಿದ್ದಳು.

“ಹೋದ್ರೆ ಹೋಗ್ಲಿ, ಒಂದ್ಸಲ ನೋಡಿ ಕಳಿಸಿಕೊಡೋಣ, ಇಳಿ!” ಎಂದರು ಅತ್ತೆ. ಈಗ ಅವರು ಎದ್ದು ನಿಂತಿದ್ದರು. ನಿಲ್ಲುವಷ್ಟು ಜಾಗ ಆಗಿತ್ತು.

ಅದು ಹೋಗಲಿಲ್ಲ. ಸೆರಗು ಬೀಸಿದರೆ ನೊಣಕ್ಕೆ ತಾಗುವಷ್ಟು ಎತ್ತರಕ್ಕೆ ಏರಿ ನಿಂತಿತು. ಕತ್ತೆತ್ತಿದರೆ ಮುಖಗಳು ಸರಿಯಾಗಿ ಕಾಣುವ ಎತ್ತರ. ಗೋಪುರಗಳಿಗೆ ಗಾಳಿ ಬಡಿಯುತ್ತಿತ್ತು. ದುಂಡು ಕಿಟಕಿಯೊಳಗೆ ಸೂರ್ಯ ಬಂದಿದ್ದ. ಕಲ್ಲಿನ ತೋಳುಗಳು ಕೊನೆಗೂ ನೆಲ ಬಿಟ್ಟು ಚಾಚಿಕೊಂಡಿದ್ದವು. ಇಡೀ ಊರು ಅದರ ನೆರಳಿನಲ್ಲಿ ಬಾಯಿ ತೆರೆದು ನಿಂತಿತ್ತು. ಜನ ಕಲ್ಲಿನ ಮುಖ ತೋರಿಸಿ “ನೋಡೋ, ನಿಮ್ಮಪ್ಪನ ಥರಾನೇ ಆಕಳಿಸ್ತಾವ್ನೆ” ಎನ್ನುತ್ತಿದ್ದರು. ಅಂಗಡಿಯವನು, ಕ್ಷೌರದವನು ಬಂದು ಆ ಮುಖದ ಅಡಿಯಲ್ಲಿ ನಿಂತರು. ನನ್ನನ್ನು ನೋಡಲಿಲ್ಲ. ಅತ್ತೆಯ ಮುಂದೆ ಟೋಪಿ ತೆಗೆದು ನಿಂತರು.

“ಉಂಗುರ!” ಎಂದು ಮದುಮಗ ಕಿರುಚಿದ. ಉಂಗುರ ಮೇಲೆಯೇ ಉಳಿದಿತ್ತು, ನಮ್ಮ ಬೆಂಚಿನ ಅಡಿಯಲ್ಲಿ.

ಮೇಲೆ ಇನ್ನೊಬ್ಬರೂ ಉಳಿದಿದ್ದರು. ಇನ್ನಾಸಪ್ಪನವರು ಇಳಿದಿರಲಿಲ್ಲ. ಖಾಲಿ ಬೆಂಚುಗಳ ನಡುವೆ ಅವರು ತಡಕಾಡುವ ಸದ್ದು ಕೇಳಿಸುತ್ತಿತ್ತು. ಸ್ವಲ್ಪ ಹೊತ್ತಿಗೆ ಹೊಸ್ತಿಲಲ್ಲಿ ಅವರ ತಲೆ ಕಂಡಿತು. ಹೊಟ್ಟೆಯ ಮೇಲೆ ಮಲಗಿ ಕೈ ಇಳಿಬಿಟ್ಟು ಉಂಗುರ ಬೀಳಿಸಿದರು. ಮೊಮ್ಮಗಳು ಸೆರಗೊಡ್ಡಿ ಹಿಡಿದಳು. ಪಾದ್ರಿಗಳು ಮಂತ್ರ ಬಿಟ್ಟಲ್ಲಿಂದ ಮುಂದುವರಿಸಿದರು. ಉಳಿದ ಮದುವೆ ಆ ಮುಖಗಳ ಕೆಳಗೇ ಆಯಿತು. ಮದುಮಗಳು ಎಷ್ಟು ಬೇಕೋ ಅಷ್ಟು ನಕ್ಕಳು. ಯಾರೂ ಬೇಡವೆನ್ನಲಿಲ್ಲ.

ಇನ್ನಾಸಪ್ಪನವರು ಹೊಸ್ತಿಲಲ್ಲಿ ಮಲಗಿಯೇ ಇದ್ದರು. ಅವರಿಗೆ ಅಲ್ಲಿಂದ ಅಡಿ ಕಾಣುವಂತಿರಲಿಲ್ಲ. ಜನರ ಮುಖ ಮಾತ್ರ ಕಾಣುತ್ತಿತ್ತು.

“ಜ್ಞಾನಮ್ಮಾ,” ಎಂದು ಮೆಲ್ಲಗೆ ಕರೆದರು.

“ಏನಣ್ಣ?”

“ನಿಜವಾಗ್ಲೂ ನೊಣ ಇದೆಯಾ?”

ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡು, ಇಡೀ ಊರಿಗೆ ಕೇಳುವ ಹಾಗೆ ಹೇಳಿದರು:

“ಇದೆ ಇನ್ನಾಸಪ್ಪಣ್ಣ. ನಾನು ಓಡ್ಸಿ ನೋಡಿದೆ, ಹೋಗ್ಲಿಲ್ಲ. ಇಳಿದು ಬಂದು ನೀನೊಂದ್ಸಲ ಓಡ್ಸು.”

ಯಾರೋ ಏಣಿ ತರಲು ಓಡಿದರು.